ಹೆಸರು ಮತ್ತು ನೆಲೆ: ಪಾಲುಗೊಂಡ ವ್ಯವಹಾರ ಗಣಕಗಳಲ್ಲಿ ವರ್ಚುಯಲ್ ಡಿಸ್ಕ್ ವಿನ್ಯಾಸದ ಚರಿತ್ರೆ

ಪ್ರವೇಶ

ಜಾನಪದ ಅಧ್ಯಯನದಲ್ಲಿ ತೊಡಗಿರುವವರಿಗೆ ಸಂಗ್ರಹವೆಂಬುದು ಹೊಸ ಮಾತಲ್ಲ. ಹಾಡು, ಕಥೆ, ಒಗಟು, ಗಾದೆಗಳನ್ನು ಕ್ಷೇತ್ರಕಾರ್ಯದಲ್ಲಿ ದಾಖಲಿಸಿ, ಪ್ರತಿಯೊಂದಕ್ಕೂ ಒಂದು ಹೆಸರನ್ನೂ ಒಂದು ನೆಲೆಯನ್ನೂ ಕೊಟ್ಟು, ಬೇಕಾದಾಗ ಹುಡುಕಿ ತೆಗೆಯಲು ಸಾಧ್ಯವಾಗುವಂತೆ ಇರಿಸುವುದು ಈ ಶಿಸ್ತಿನ ಮೊದಲ ಪಾಠ. ಕಪಾಟು ಮೂರು, ಅರೆ ಎರಡು, ಕ್ಯಾಸೆಟ್ ಹದಿನಾಲ್ಕು ಎಂದು ಸೂಚಿಪತ್ರದಲ್ಲಿ ಬರೆದಿದ್ದರೆ ಕೈ ಅಲ್ಲಿಗೇ ಹೋಗುತ್ತದೆ. ಈಚಿನ ದಶಕಗಳಲ್ಲಿ ಈ ಸಂಗ್ರಹಗಳ ಸೂಚಿಗಳೂ ಹಲವೆಡೆ ಮೂಲ ದಾಖಲೆಗಳೂ ಗಣಕಯಂತ್ರಗಳಿಗೆ ವರ್ಗವಾಗಿವೆ. ಅಲ್ಲಿ ದಾಖಲೆಗೆ ಹೆಸರು ಉಂಟು. ಆದರೆ ಅದರ ನೆಲೆ ಯಾವುದು ಎಂದು ಕೇಳಿದರೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಇದು ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ. ಹೆಸರನ್ನು ನೆಲೆಯಿಂದ ಬೇರ್ಪಡಿಸುವುದೇ ಗಣಕ ಸಂಗ್ರಹಣೆಯ ಚರಿತ್ರೆಯ ಮುಖ್ಯ ಧಾರೆಯಾಗಿದೆ.

ಪ್ರಸ್ತುತ ಲೇಖನದಲ್ಲಿ ಆ ಧಾರೆಯ ಒಂದು ಕವಲನ್ನು ಮಾತ್ರ ಎತ್ತಿಕೊಳ್ಳಲಾಗಿದೆ. ಒಂದೇ ಯಂತ್ರವನ್ನು ತಾರ್ಕಿಕವಾಗಿ ಹಲವು ಪಾಲುಗಳಾಗಿ ಒಡೆದು, ಪ್ರತಿ ಪಾಲೂ ತಾನೊಂದು ಸ್ವತಂತ್ರ ಗಣಕವೆಂದು ಭಾವಿಸುವಂತೆ ಮಾಡುವ ವಿಧಾನವು ವ್ಯವಹಾರ ಗಣಕಗಳಲ್ಲಿ ರೂಢಿಗೆ ಬಂದಾಗ, ಆ ಪಾಲುಗಳಿಗೆ ಬೇಕಾದ ಡಿಸ್ಕುಗಳನ್ನು ಹೇಗೆ ಒದಗಿಸಲಾಯಿತು ಎಂಬುದು ಇಲ್ಲಿನ ವಿಷಯ. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ನಗರದಲ್ಲಿ ಐಬಿಎಂ ಸಂಸ್ಥೆ ರೂಪಿಸಿದ ಸಿಸ್ಟಮ್/38, ಎಎಸ್/400 ಮತ್ತು ಅವುಗಳ ಮುಂದಿನ ಪೀಳಿಗೆಗಳನ್ನು ಮುಖ್ಯ ಉದಾಹರಣೆಯಾಗಿ ಇರಿಸಿಕೊಳ್ಳಲಾಗಿದೆ. ವರ್ಚುಯಲ್ ಡಿಸ್ಕ್, ಅಂದರೆ ಕಲ್ಪಿತ ಡಿಸ್ಕ್, ಒಡೆತನವನ್ನು ಪಾಲು ಮಾಡುತ್ತದೆಯೇ ಹೊರತು ಅಪಾಯವನ್ನು ಪಾಲು ಮಾಡುವುದಿಲ್ಲ ಎಂಬುದು ಈ ಚರಿತ್ರೆಯಿಂದ ತಿಳಿದುಬರುವ ಮುಖ್ಯ ಸಂಗತಿ.

1. ತಟ್ಟೆ ಮತ್ತು ತೋಳು

ಮೊದಲ ವಾಣಿಜ್ಯ ಡಿಸ್ಕ್ ಘಟಕವನ್ನು ಐಬಿಎಂ 1956ರಲ್ಲಿ ಹೊರತಂದಿತು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೇನಾಲ್ಡ್ ಜಾನ್ಸನ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಘಟಕ 305 ರಾಮ್ಯಾಕ್ ಎಂಬ ಗಣಕದ ಭಾಗವಾಗಿತ್ತು. ಒಂದರ ಮೇಲೊಂದು ಜೋಡಿಸಿದ, 24 ಅಂಗುಲ ವ್ಯಾಸದ 50 ತಟ್ಟೆಗಳು ಅದರಲ್ಲಿದ್ದವು. ಒಟ್ಟು ಸಾಮರ್ಥ್ಯ 50 ಲಕ್ಷ ಅಕ್ಷರಗಳು. 80 ಅಂಕಣಗಳ ರಂಧ್ರಕಾರ್ಡಿನ ಲೆಕ್ಕದಲ್ಲಿ 62,500 ಕಾರ್ಡುಗಳಿಗೆ ಸಮ. ತಟ್ಟೆಗಳ ನಡುವೆ ಮೇಲೆ ಕೆಳಗೆ ಚಲಿಸುವ ಒಂದು ತೋಳು ಬೇಕಾದ ತಟ್ಟೆಯನ್ನು ತಲುಪಿ ಓದುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ವಿಳಾಸದ ಸ್ವರೂಪ. ಯಾವ ತಟ್ಟೆ, ಯಾವ ವರ್ತುಲ, ಯಾವ ಖಂಡ ಎಂಬುದನ್ನು ಕ್ರಮವಿಧಿಯೇ ಸೂಚಿಸಬೇಕಾಗಿತ್ತು. ವಿಳಾಸವೆಂದರೆ ನಿಜವಾದ ಸ್ಥಳವೇ. ಹೆಸರಿಗೂ ನೆಲೆಗೂ ನಡುವೆ ಅಂತರವಿರಲಿಲ್ಲ. ಡಿಸ್ಕ್ ಬದಲಾದರೆ ವಿಳಾಸಗಳು ಬದಲಾಗಬೇಕು, ವಿಳಾಸಗಳು ಬದಲಾದರೆ ಕ್ರಮವಿಧಿಯೂ ಬದಲಾಗಬೇಕು ಎಂಬುದು ಇದರ ತೊಡಕು. ಮುಂದಿನ ಬೆಳವಣಿಗೆಗಳೆಲ್ಲ ಈ ತೊಡಕನ್ನು ಬಿಡಿಸುವ ಪ್ರಯತ್ನಗಳೇ ಆಗಿವೆ.

2. ಕೇಂಬ್ರಿಜ್‌ನ ಕಿರುಡಿಸ್ಕ್

ಪಾಲುಗೊಂಡ ಡಿಸ್ಕಿನ ಕಲ್ಪನೆ ಸ್ಪಷ್ಟರೂಪ ಪಡೆದದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ವೈಜ್ಞಾನಿಕ ಕೇಂದ್ರದಲ್ಲಿ. ರಾಬರ್ಟ್ ಕ್ರೀಸಿ ಮತ್ತು ಅವರ ಸಂಗಡಿಗರು 1964ರ ಕೊನೆಯಲ್ಲಿ ಆರಂಭಿಸಿದ ಸಿಪಿ-40 ಎಂಬ ವ್ಯವಸ್ಥೆ 1967ರ ಜನವರಿಯಲ್ಲಿ ನಿತ್ಯಬಳಕೆಗೆ ಬಂದಿತು. ಮಾರ್ಪಡಿಸಿದ ಒಂದು ಸಿಸ್ಟಮ್/360 ಯಂತ್ರದ ಮೇಲೆ ಏಕಕಾಲಕ್ಕೆ 14 ಕಲ್ಪಿತ ಯಂತ್ರಗಳು ನಡೆಯುತ್ತಿದ್ದವು. ಪ್ರತಿ ಬಳಕೆದಾರನಿಗೂ ತಾನೇ ಒಂದಿಡೀ ಗಣಕದ ಒಡೆಯನೆಂಬ ಅನುಭವ ದೊರೆಯಬೇಕಾದರೆ ಅವನಿಗೆ ಒಂದು ಡಿಸ್ಕೂ ಬೇಕು. ಹದಿನಾಲ್ಕು ಮಂದಿಗೆ ಹದಿನಾಲ್ಕು ಡಿಸ್ಕ್ ಕೊಡುವುದು ದುಬಾರಿ. ಆದ್ದರಿಂದ ಒಂದು ನಿಜ ಡಿಸ್ಕಿನ ಅಕ್ಕಪಕ್ಕದ ಕೆಲವು ಸಿಲಿಂಡರುಗಳನ್ನು ಗುರುತುಹಾಕಿ ಒಬ್ಬನಿಗೆ ಬಿಟ್ಟುಕೊಡಲಾಯಿತು. ಇದನ್ನು ಮಿನಿಡಿಸ್ಕ್ ಎಂದು ಕರೆದರು.

ಮಿನಿಡಿಸ್ಕಿನ ಕಾರ್ಯವಿಧಾನ ಸರಳವಾದದ್ದು. ಬಳಕೆದಾರನು ತನ್ನ ಡಿಸ್ಕಿನ ಐದನೆಯ ಸಿಲಿಂಡರನ್ನು ಕೇಳುತ್ತಾನೆ. ಅವನ ಪಾಲು ನಿಜ ಡಿಸ್ಕಿನ ನೂರನೆಯ ಸಿಲಿಂಡರಿನಿಂದ ಆರಂಭವಾಗಿದ್ದರೆ, ನಿಯಂತ್ರಣ ತಂತ್ರಾಂಶ ನೂರನ್ನು ಕೂಡಿಸಿ ನೂರೈದನೆಯದನ್ನು ಓದಿಕೊಡುತ್ತದೆ. ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬ ವಿವರ ಡೈರೆಕ್ಟರಿ ಎಂಬ ಕಡತದಲ್ಲಿರುತ್ತದೆ. ಭೂಮಿಯ ಪಹಣಿಯಂತೆ ಈ ಕಡತವೇ ಇಡೀ ವ್ಯವಸ್ಥೆಯ ಆಧಾರ. ಅದರಲ್ಲಿ ಎರಡು ಪಾಲುಗಳ ಗಡಿ ತಪ್ಪಾಗಿ ಒಂದರ ಮೇಲೊಂದು ಬಿದ್ದರೆ, ಒಬ್ಬ ಬರೆದದ್ದನ್ನು ಇನ್ನೊಬ್ಬ ಅರಿಯದೆಯೇ ಅಳಿಸುತ್ತಾನೆ. ಇಂತಹ ಗಡಿತಪ್ಪುಗಳನ್ನು ಪತ್ತೆಹಚ್ಚಲು ಪ್ರತ್ಯೇಕ ಉಪಕರಣಗಳೇ ಮುಂದೆ ಬಂದವು. ಹೆಸರು ಮತ್ತು ನೆಲೆಗಳ ನಡುವೆ ಮೊದಲ ಅಂತರ ಏರ್ಪಟ್ಟ ಕೂಡಲೇ, ಆ ಅಂತರವನ್ನು ಬರೆದಿಡುವ ದಾಖಲೆಯ ಅಗತ್ಯವೂ ಹುಟ್ಟಿತು ಎಂಬುದು ಗಮನಾರ್ಹ.

ಸಿಪಿ-40ರ ಪರಂಪರೆ ಸಿಪಿ-67ರ ಮೂಲಕ ಸಾಗಿ 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಅಧಿಕೃತ ಉತ್ಪನ್ನವಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೆಲಿಂಡಾ ವೇರಿಯನ್ ಅವರು ಈ ಪರಂಪರೆಯ ಚರಿತ್ರೆಯನ್ನು ಬರೆದಾಗ, ಅಚ್ಚಾದ ಕೈಪಿಡಿಗಳ ಜೊತೆಗೆ ಅದನ್ನು ಕಟ್ಟಿದವರ ಮತ್ತು ಬಳಸಿದವರ ನೆನಪುಗಳನ್ನೂ ಆಧಾರವಾಗಿ ಬಳಸಿಕೊಂಡರು. ಗಣಕದ ಚರಿತ್ರೆಗೂ ಮೌಖಿಕ ಆಕರಗಳು ಅನಿವಾರ್ಯ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

3. ರಾಚೆಸ್ಟರಿನ ಏಕಮಟ್ಟದ ಸಂಗ್ರಹ

ಕೇಂಬ್ರಿಜ್‌ನವರು ಡಿಸ್ಕನ್ನು ಪಾಲು ಮಾಡಿದರೆ, ರಾಚೆಸ್ಟರಿನವರು ಡಿಸ್ಕೆಂಬ ಭಾವನೆಯನ್ನೇ ಬಳಕೆದಾರನ ಕಣ್ಣಿನಿಂದ ಮರೆಮಾಡಿದರು. ಇದರ ಬೀಜ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದೆ. ಅಲ್ಲಿನ ಅಟ್ಲಾಸ್ ಗಣಕದ ವಿನ್ಯಾಸಕಾರರಾದ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು, ವೇಗದ ಸ್ಮೃತಿ ಮತ್ತು ನಿಧಾನದ ಡ್ರಮ್ ಎರಡೂ ಸೇರಿ ಒಂದೇ ಸ್ಮೃತಿಯಂತೆ ತೋರುವ ಏಕಮಟ್ಟದ ಸಂಗ್ರಹವನ್ನು ಕುರಿತು 1962ರಲ್ಲಿ ಪ್ರಬಂಧ ಪ್ರಕಟಿಸಿದರು. ಈ ಕಲ್ಪನೆಯನ್ನು ಅದರ ತಾರ್ಕಿಕ ಕೊನೆಯವರೆಗೆ ಕೊಂಡೊಯ್ದು ವ್ಯವಹಾರ ಗಣಕದಲ್ಲಿ ಅಳವಡಿಸಿದ್ದು 1978ರಲ್ಲಿ ಘೋಷಿತವಾದ ಸಿಸ್ಟಮ್/38. ಇದರ ವಿನ್ಯಾಸದಲ್ಲಿ ಫ್ರ್ಯಾಂಕ್ ಸೋಲ್ಟಿಸ್ ಅವರ ಪಾತ್ರ ಪ್ರಮುಖವಾದದ್ದು.

ಸಿಸ್ಟಮ್/38ರಲ್ಲಿ ಕ್ರಮವಿಧಿ, ಕಡತ, ಬಳಕೆದಾರನ ವಿವರ, ಎಲ್ಲವೂ ವಸ್ತುಗಳು. ಪ್ರತಿ ವಸ್ತುವಿಗೂ ವಿಶಾಲವಾದ ಒಂದೇ ವಿಳಾಸಾವಕಾಶದಲ್ಲಿ ಒಂದು ವಿಳಾಸ. ಆ ಕ್ಷಣದಲ್ಲಿ ವಸ್ತು ಸ್ಮೃತಿಯಲ್ಲಿದೆಯೋ ಡಿಸ್ಕಿನಲ್ಲಿದೆಯೋ ಎಂಬುದನ್ನು ಕ್ರಮವಿಧಿ ತಿಳಿಯಬೇಕಾಗಿಲ್ಲ, ತಿಳಿಯಲೂ ಆಗದು. ಯಂತ್ರವೇ ಪ್ರತಿ ವಸ್ತುವನ್ನು ತುಂಡುತುಂಡಾಗಿ ಎಲ್ಲ ಡಿಸ್ಕುಗಳ ಮೇಲೂ ಹರಡುತ್ತದೆ. ಇದರಿಂದ ಹಲವು ತೋಳುಗಳು ಒಟ್ಟಿಗೆ ದುಡಿಯುತ್ತವೆ, ಕೆಲಸ ಬೇಗ ಸಾಗುತ್ತದೆ. ಹೊಸ ಡಿಸ್ಕ್ ಸೇರಿಸಿದರೆ ಕ್ರಮವಿಧಿಯ ಒಂದು ಅಕ್ಷರವನ್ನೂ ಬದಲಿಸಬೇಕಾಗಿಲ್ಲ. ಸಣ್ಣ ಪಟ್ಟಣಗಳ ಸಗಟು ವ್ಯಾಪಾರಿಗಳು, ಕಾರ್ಖಾನೆಗಳು, ಬ್ಯಾಂಕುಗಳು ಡಿಸ್ಕ್ ತಜ್ಞನನ್ನು ಇರಿಸಿಕೊಳ್ಳದೆಯೇ ಗಣಕ ನಡೆಸಲು ಇದರಿಂದ ಸಾಧ್ಯವಾಯಿತು.

ಆದರೆ ಇದಕ್ಕೊಂದು ಬೆಲೆಯಿತ್ತು. ಎಲ್ಲ ವಸ್ತುಗಳೂ ಎಲ್ಲ ಡಿಸ್ಕುಗಳ ಮೇಲೆ ಹರಡಿರುವಾಗ ಒಂದು ಡಿಸ್ಕ್ ಕೆಟ್ಟರೆ ಎಲ್ಲ ವಸ್ತುಗಳಿಗೂ ತೂತು ಬೀಳುತ್ತದೆ. ರಕ್ಷಣೆಯಿಲ್ಲದ ಯಂತ್ರದಲ್ಲಿ ಒಂದು ಡಿಸ್ಕಿನ ಸಾವು ಇಡೀ ವ್ಯವಸ್ಥೆಯನ್ನು ಟೇಪಿನಿಂದ ಮರಳಿ ತುಂಬಿಸುವ ಕೆಲಸವನ್ನು ತಂದೊಡ್ಡುತ್ತಿತ್ತು. ಈ ಅಪಾಯವನ್ನು ತಡೆಯಲು ಮೂರು ಉಪಾಯಗಳು ರೂಢಿಗೆ ಬಂದವು. ಡಿಸ್ಕುಗಳನ್ನು ಪ್ರತ್ಯೇಕ ಸಂಗ್ರಹ ಕೊಳಗಳಾಗಿ ವಿಂಗಡಿಸುವುದು ಒಂದು. ಪ್ರತಿ ಡಿಸ್ಕಿಗೂ ಕನ್ನಡಿಯಂತೆ ಜೋಡಿಯೊಂದನ್ನು ಇರಿಸುವುದು ಎರಡು. ಹಲವು ಡಿಸ್ಕುಗಳ ಮೊತ್ತದ ಲೆಕ್ಕವನ್ನು ಬರೆದಿಟ್ಟು ಕಳೆದುಹೋದ ಭಾಗವನ್ನು ಅದರಿಂದ ಮರಳಿ ಪಡೆಯುವುದು ಮೂರು. ಮೂರನೆಯ ಉಪಾಯಕ್ಕೆ ಐಬಿಎಂನ ಕೆನ್ ಔಚಿ ಅವರು 1978ರಲ್ಲಿ ಪೇಟೆಂಟ್ ಪಡೆದಿದ್ದರು. ಹತ್ತು ವರ್ಷಗಳ ಬಳಿಕ, 1988ರಲ್ಲಿ, ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಸ್ ಇಂತಹ ವಿಧಾನಗಳನ್ನು ವರ್ಗೀಕರಿಸಿ ರೇಯ್ಡ್ ಎಂಬ ಹೆಸರನ್ನು ನೆಲೆಗೊಳಿಸಿದರು.

ಅದೇ 1988ರ ಜೂನ್ 21ರಂದು ಎಎಸ್/400 ಘೋಷಿತವಾಯಿತು. ರಾಚೆಸ್ಟರಿನ ಸಿಲ್ವರ್ ಲೇಕ್ ಎಂಬ ಕೆರೆಯ ಹೆಸರನ್ನೇ ಆ ಯೋಜನೆಗೆ ಗುಪ್ತನಾಮವಾಗಿ ಇರಿಸಲಾಗಿತ್ತು. ಭಾರತದ ಸಂಬಂಧ ಇಲ್ಲಿ ಒಂದು ವಿರಾಮದಿಂದ ಆರಂಭವಾಗುತ್ತದೆ. ಸಿಸ್ಟಮ್/38 ಘೋಷಿತವಾದ 1978ರಲ್ಲಿಯೇ ಐಬಿಎಂ, ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಷರತ್ತುಗಳಿಗೆ ಒಪ್ಪದೆ ಈ ದೇಶದಿಂದ ಹೊರನಡೆದಿತ್ತು. ಅದು ಮರಳಿ ಬಂದದ್ದು 1992ರಲ್ಲಿ, ಟಾಟಾ ಸಮೂಹದೊಡನೆ ಬೆಂಗಳೂರಿನಲ್ಲಿ ನೆಲೆಗೊಂಡ ಜಂಟಿ ಉದ್ಯಮದ ಮೂಲಕ.

4. ಪಾಲು: 1999

ದೊಡ್ಡ ಗಣಕಗಳಲ್ಲಿ ತಾರ್ಕಿಕ ಪಾಲು 1980ರ ದಶಕದಲ್ಲಿಯೇ ಬಂದಿತ್ತು. ಐಬಿಎಂ 1988ರಲ್ಲಿ 3090 ಸರಣಿಯ ಯಂತ್ರಗಳಿಗೆ ಅದನ್ನು ಒದಗಿಸಿತು. ಎಎಸ್/400ಕ್ಕೆ ಅದು ದೊರೆತದ್ದು 1999ರಲ್ಲಿ. ಒಂದು ಪೆಟ್ಟಿಗೆಯೊಳಗೆ ಒಂದಕ್ಕಿಂತ ಹೆಚ್ಚು ಸ್ವತಂತ್ರ ವ್ಯವಸ್ಥೆಗಳನ್ನು ನಡೆಸಬಹುದಾಯಿತು. ಉತ್ಪಾದನೆಗೆ ಒಂದು, ಪರೀಕ್ಷೆಗೆ ಒಂದು, ಬೇರೆ ದೇಶದ ಶಾಖೆಯ ಸಮಯ ಮತ್ತು ಭಾಷೆಗೆ ಇನ್ನೊಂದು ಎಂಬಂತೆ ಸಂಸ್ಥೆಗಳು ಪಾಲು ಮಾಡಿಕೊಂಡವು.

ಆ ಮೊದಲ ಪಾಲಿನ ಸ್ವರೂಪ ನಮ್ಮ ಹಳ್ಳಿಗಳ ಒಟ್ಟು ಕುಟುಂಬದ ಪಾಲನ್ನು ನೆನಪಿಸುತ್ತದೆ. ಅಣ್ಣತಮ್ಮಂದಿರು ಬೇರೆಯಾದಾಗ ಪಾತ್ರೆ, ದನ, ಹೊಲಗಳನ್ನು ಎಣಿಸಿ ಹಂಚಿಕೊಳ್ಳುವಂತೆ ಇಲ್ಲಿಯೂ ಪ್ರೊಸೆಸರ್, ಸ್ಮೃತಿ ಮತ್ತು ಡಿಸ್ಕುಗಳನ್ನು ಇಡಿಯಾಗಿ ಹಂಚಬೇಕಾಗಿತ್ತು. ಪ್ರತಿ ಪಾಲಿಗೂ ಕನಿಷ್ಠ ಒಂದು ಪ್ರೊಸೆಸರ್, ತನ್ನದೇ ಆದ ಡಿಸ್ಕುಗಳು, ಅವುಗಳಲ್ಲಿ ವ್ಯವಸ್ಥೆಯನ್ನು ಎಬ್ಬಿಸುವ ಒಂದು ಮೂಲ ಡಿಸ್ಕ್, ಆ ಡಿಸ್ಕುಗಳನ್ನು ನಡೆಸುವ ನಿಯಂತ್ರಕ ಬೇಕಾಗಿದ್ದವು. ಪರೀಕ್ಷೆಗೆಂದು ವಾರಕ್ಕೊಮ್ಮೆ ಬಳಸುವ ಪಾಲಿಗೂ ನಿಜವಾದ ಡಿಸ್ಕುಗಳನ್ನು ಕೊಂಡು ಕೊಡಬೇಕು. ಹೀಗೆ ಯಂತ್ರ ಒಂದಾದರೂ ವೆಚ್ಚ ಹಲವಾಗಿ ಉಳಿಯಿತು. ಆದರೆ ಒಂದು ಲಾಭವೂ ಇತ್ತು. ಒಂದು ಪಾಲಿನ ಡಿಸ್ಕ್ ಕೆಟ್ಟರೆ ಇನ್ನೊಂದು ಪಾಲಿನ ದತ್ತಾಂಶಕ್ಕೆ ಹಾನಿಯಿರಲಿಲ್ಲ. ಒಡೆತನ ಬೇರೆಯಾದಂತೆ ಅಪಾಯವೂ ಬೇರೆಯಾಗಿತ್ತು. ಮುಂದಿನ ಬೆಳವಣಿಗೆಯಲ್ಲಿ ಸಡಿಲವಾದದ್ದು ಈ ಸಂಬಂಧವೇ.

5. ಅತಿಥೇಯ ಮತ್ತು ಅತಿಥಿ: 2001ರಿಂದ 2008

ಎಎಸ್/400 ಯಂತ್ರದೊಳಗೆ ಪಿಸಿ ವರ್ಗದ ಪ್ರೊಸೆಸರ್ ಇರುವ ಫಲಕವನ್ನು ಸೇರಿಸಿ, ಅದಕ್ಕೆ ಬೇಕಾದ ಡಿಸ್ಕನ್ನು ಎಎಸ್/400ರ ಸಂಗ್ರಹದಿಂದಲೇ ಒದಗಿಸುವ ಪದ್ಧತಿ 1990ರ ದಶಕದಲ್ಲಿ ಆರಂಭವಾಗಿತ್ತು. ಈ ಕಲ್ಪಿತ ಡಿಸ್ಕಿಗೆ ನೆಟ್‌ವರ್ಕ್ ಸರ್ವರ್ ಸ್ಟೋರೇಜ್ ಸ್ಪೇಸ್ ಎಂಬ ಉದ್ದನೆಯ ಹೆಸರು ರೂಢಿಗೆ ಬಂದಿತು. ಎಎಸ್/400 ಆ ವೇಳೆಗೆ ಐಸೀರೀಸ್ ಎಂಬ ಹೆಸರು ಪಡೆದಿತ್ತು. 2001ರಲ್ಲಿ ಅದರ ಪಾಲುಗಳಲ್ಲಿ ಲಿನಕ್ಸ್ ನಡೆಸುವ ಅವಕಾಶ ಬಂದಾಗ ಇದೇ ಪದ್ಧತಿಯನ್ನು ವಿಸ್ತರಿಸಲಾಯಿತು. ಡಿಸ್ಕ್ ಇರುವ ಪಾಲು ಅತಿಥೇಯ. ಡಿಸ್ಕನ್ನು ಎರವಲು ಪಡೆಯುವ ಪಾಲು ಅತಿಥಿ. ಅದೇ ಬಿಡುಗಡೆಯಲ್ಲಿ ಪ್ರೊಸೆಸರನ್ನೂ ಭಿನ್ನರಾಶಿಗಳಲ್ಲಿ ಹಂಚಲು ಸಾಧ್ಯವಾಯಿತು.

ಇಲ್ಲಿನ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಕೇಂಬ್ರಿಜ್‌ನ ಮಿನಿಡಿಸ್ಕ್ ನಿಜ ಡಿಸ್ಕಿನ ಒಂದು ತುಂಡು. ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದು. ರಾಚೆಸ್ಟರಿನ ವರ್ಚುಯಲ್ ಡಿಸ್ಕ್ ಹಾಗಲ್ಲ. ಅದು ಅತಿಥೇಯನ ಏಕಮಟ್ಟದ ಸಂಗ್ರಹದೊಳಗಿನ ಒಂದು ವಸ್ತು. ಆದ್ದರಿಂದ ಅದರ ತುಂಡುಗಳು ಆ ಕೊಳದ ಎಲ್ಲ ನಿಜ ಡಿಸ್ಕುಗಳ ಮೇಲೆ ಹರಡಿರುತ್ತವೆ. ಅತಿಥಿಯು ತನ್ನ ಒಂದು ಡಿಸ್ಕಿಗೆ ಬರೆಯುತ್ತಿದ್ದೇನೆ ಎಂದುಕೊಂಡಾಗ, ನಿಜದಲ್ಲಿ ಹತ್ತಾರು ತೋಳುಗಳು ಅವನಿಗಾಗಿ ದುಡಿಯುತ್ತಿರುತ್ತವೆ. ಸಣ್ಣ ಅತಿಥಿಗೂ ದೊಡ್ಡ ಮನೆಯ ವೇಗ ದೊರೆಯುತ್ತದೆ. ಹೊಸ ಪಾಲಿಗೆ ಡಿಸ್ಕ್ ಬೇಕಾದರೆ ಕೊಂಡು ತರುವ ಮಾತಿಲ್ಲ, ಒಂದು ಆದೇಶ ಸಾಕು. ಸಿದ್ಧವಾದ ವ್ಯವಸ್ಥೆಯೊಂದರ ವಸ್ತುವನ್ನು ನಕಲು ಮಾಡಿದರೆ ಅದರಂತಹದೇ ಇನ್ನೊಂದು ಯಂತ್ರ ಎದ್ದು ನಿಲ್ಲುತ್ತದೆ.

2004ರಲ್ಲಿ ಪವರ್5 ಪ್ರೊಸೆಸರ್ ಬಂದಾಗ ಪಾಲುಗಳನ್ನು ಕಾಯುವ ಹೈಪರ್‌ವೈಸರ್ ಎಂಬ ತೆಳುವಾದ ತಂತ್ರಾಂಶ ಪದರ ಎಲ್ಲ ಪಾಲುಗಳ ಕೆಳಗೆ ಸಮಾನ ನೆಲೆಯಾಯಿತು. ಪ್ರೊಸೆಸರಿನ ಹತ್ತನೆಯ ಒಂದು ಅಂಶದಿಂದಲೂ ಪಾಲು ಕಟ್ಟಬಹುದಾಯಿತು. ದೊಡ್ಡ ಯಂತ್ರದಲ್ಲಿ ಪಾಲುಗಳ ಮಿತಿ 254ಕ್ಕೆ ಏರಿತು. ಅತಿಥಿಯ ಕಡೆ ಒಂದು, ಅತಿಥೇಯನ ಕಡೆ ಒಂದು ಕಲ್ಪಿತ ಸ್ಕಸಿ ಅಡಾಪ್ಟರನ್ನು ಇರಿಸಿ, ನಡುವಿನ ಮಾತನ್ನು ಹೈಪರ್‌ವೈಸರ್ ಸಾಗಿಸುವ ಕ್ರಮ ನೆಲೆಗೊಂಡಿತು. ಡಿಸ್ಕ್ ಮತ್ತು ಜಾಲಗಳನ್ನು ಇತರ ಪಾಲುಗಳಿಗೆ ಒದಗಿಸುವುದಕ್ಕಾಗಿಯೇ ಮೀಸಲಾದ ವರ್ಚುಯಲ್ ಐಓ ಸರ್ವರ್ ಎಂಬ ಪಾಲೂ ಆಗಲೇ ಬಂದಿತು. 2008ರಲ್ಲಿ ಐಬಿಎಂ ಐ 6.1 ಎಂಬ ಆವೃತ್ತಿಯೊಡನೆ ಕೊನೆಯ ಹೆಜ್ಜೆ ಪೂರ್ಣವಾಯಿತು. ಅದುವರೆಗೆ ಆತಿಥ್ಯ ನೀಡುತ್ತಿದ್ದ ಕಾರ್ಯಾಚರಣಾ ವ್ಯವಸ್ಥೆ ತಾನೇ ಇನ್ನೊಬ್ಬರ ಅತಿಥಿಯಾಗಬಲ್ಲದಾಯಿತು. ಒಂದು ಐ ಪಾಲು ಇನ್ನೊಂದು ಐ ಪಾಲಿಗೆ ಡಿಸ್ಕ್ ಕೊಡಬಹುದು. ವರ್ಚುಯಲ್ ಐಓ ಸರ್ವರಿನಿಂದಲೂ ಅದು ಡಿಸ್ಕ್ ಪಡೆಯಬಹುದು.

6. ಒಂಬತ್ತನೆಯ ಖಂಡ

ಈ ಕೊನೆಯ ಹೆಜ್ಜೆಯಲ್ಲಿ ಹಳೆಯ ಸಂಪ್ರದಾಯವೊಂದು ಹೊಸ ಮನೆಯಲ್ಲಿ ಹೇಗೆ ಉಳಿದುಕೊಂಡಿತು ಎಂಬುದನ್ನು ನೋಡಬೇಕು. ರಾಚೆಸ್ಟರ್ ಪರಂಪರೆಯ ಡಿಸ್ಕುಗಳ ಒಂದೊಂದು ಖಂಡದಲ್ಲಿ 520 ಬೈಟುಗಳಿರುತ್ತಿದ್ದವು. ಇತರ ಲೋಕದಲ್ಲಿ ರೂಢಿ 512. ಹೆಚ್ಚಿನ 8 ಬೈಟುಗಳು ವ್ಯವಸ್ಥೆಯ ಸ್ವಂತ ಟಿಪ್ಪಣಿಗೆ ಮೀಸಲು. ಸಿಸ್ಟಮ್/38ರ ಕಾಲದಿಂದಲೂ ಒಂದು ವಸ್ತುವಿನಿಂದ ಇನ್ನೊಂದನ್ನು ಸೂಚಿಸುವ ಸೂಚಕಗಳಿಗೆ ಗುಟ್ಟಿನ ಮುದ್ರೆಯೊಂದಿದೆ. ಯಾರಾದರೂ ಸೂಚಕವನ್ನು ಕಳ್ಳತನದಿಂದ ಸೃಷ್ಟಿಸಿದರೆ ಮುದ್ರೆಯಿಲ್ಲದ ಕಾರಣ ಅದು ಸಿಕ್ಕಿಬೀಳುತ್ತದೆ. ಪುಟವು ಡಿಸ್ಕಿಗೆ ಹೋದಾಗ ಆ ಮುದ್ರೆಗಳ ಗುರುತನ್ನು ಈ 8 ಬೈಟುಗಳ ತಲೆಬರಹದಲ್ಲಿ ಕಾದಿರಿಸಲಾಗುತ್ತಿತ್ತು.

ವರ್ಚುಯಲ್ ಐಓ ಸರ್ವರ್ ಒದಗಿಸುವ ಡಿಸ್ಕುಗಳು 512 ಬೈಟುಗಳ ಲೋಕಕ್ಕೆ ಸೇರಿದವು. ತಲೆಬರಹಕ್ಕೆ ಅಲ್ಲಿ ಜಾಗವಿಲ್ಲ. ಪರಿಹಾರ ಹೀಗಿತ್ತು: 4,096 ಬೈಟುಗಳ ಒಂದು ಪುಟಕ್ಕೆ ಎಂಟು ಖಂಡಗಳ ಬದಲು ಒಂಬತ್ತು ಖಂಡಗಳನ್ನು ಬಳಸಿ, ಎಂಟರ ತಲೆಬರಹಗಳನ್ನೂ ಒಂಬತ್ತನೆಯದರಲ್ಲಿ ಬರೆಯುವುದು. ಇದರಿಂದ ಡಿಸ್ಕಿನ ಒಂಬತ್ತನೆಯ ಒಂದು ಭಾಗ, ಸುಮಾರು ಶೇಕಡ 11, ದತ್ತಾಂಶಕ್ಕೆ ದೊರೆಯದೆ ಹೋಗುತ್ತದೆ. ವಿನ್ಯಾಸ ಮಾಡುವವರು ಈ ಲೆಕ್ಕವನ್ನು ಮೊದಲೇ ಹಿಡಿಯಬೇಕು. ಮೂವತ್ತು ವರ್ಷಗಳ ಹಿಂದಿನ ಒಂದು ನಿರ್ಧಾರ 2008ರ ಸಂಗ್ರಹದ ಅಳತೆಯನ್ನು ನಿರ್ಧರಿಸಿತು.

ಪದಗಳ ಮಟ್ಟದಲ್ಲಿಯೂ ಇಂತಹ ಉಳಿಕೆಗಳಿವೆ. ಅತಿಥಿ ಐ ಪಾಲು ತನಗೆ ದೊರೆತ ವರ್ಚುಯಲ್ ಡಿಸ್ಕುಗಳ ಮೇಲೆ ತನ್ನ ವಸ್ತುಗಳನ್ನು ಮತ್ತೆ ಹರಡುತ್ತದೆ. ಪ್ರತಿ ಡಿಸ್ಕಿಗೂ ಏಕಕಾಲಕ್ಕೆ ಇಷ್ಟೇ ಕೋರಿಕೆಗಳೆಂಬ ಮಿತಿಯಿದೆ. ಆದ್ದರಿಂದ ಒಂದೇ ದೊಡ್ಡ ವರ್ಚುಯಲ್ ಡಿಸ್ಕ್ ಕೊಡುವುದಕ್ಕಿಂತ ಸಮಗಾತ್ರದ ಹಲವು ಸಣ್ಣ ಡಿಸ್ಕುಗಳನ್ನು ಕೊಡುವುದು ಉತ್ತಮ. ಇದನ್ನು ಬಳಕೆದಾರರು ಇಂದಿಗೂ 'ತೋಳುಗಳು ಸಾಕಷ್ಟಿರಲಿ' ಎಂಬ ಅರ್ಥದ ಮಾತಿನಲ್ಲಿಯೇ ಹೇಳುತ್ತಾರೆ. ಘನಸ್ಥಿತಿ ಡಿಸ್ಕಿನಲ್ಲಿ ತೋಳೇ ಇಲ್ಲ. ಯಂತ್ರದ ಹೆಸರು ಐಸೀರೀಸ್, ಸಿಸ್ಟಮ್ ಐ, ಪವರ್ ಸಿಸ್ಟಮ್ಸ್ ಎಂದು ಬದಲಾದರೂ ಬಳಸುವವರ ಬಾಯಲ್ಲಿ ಅದು ಎಎಸ್/400 ಆಗಿಯೇ ಉಳಿದಿದೆ. ವಸ್ತು ಮರೆಯಾದ ಮೇಲೂ ಪದ ಬದುಕುವುದು ಜಾನಪದ ವಿದ್ವಾಂಸರಿಗೆ ಪರಿಚಿತ ಸಂಗತಿ. 1960ರಲ್ಲಿ ಆರಂಭವಾದ ಕಾಮನ್ ಎಂಬ ಬಳಕೆದಾರರ ಸಂಘದಂತಹ ಕೂಟಗಳಲ್ಲಿ ಇಂತಹ ಅನುಭವದ ಮಾತುಗಳು ಕೈಪಿಡಿಗಳ ಜೊತೆಜೊತೆಗೆ ಹರಿದುಬಂದಿವೆ.

7. ಒಂದೇ ಬಾವಿ, ಎರಡು ಹಗ್ಗ

ವರ್ಚುಯಲ್ ಡಿಸ್ಕಿನ ವಿನ್ಯಾಸದಲ್ಲಿ ಅತಿಥಿಗೆ ಕಾಣದ ಮೂರು ಸಂಗತಿಗಳಿವೆ. ಮೊದಲನೆಯದು, ಅತಿಥೇಯ ನಿಂತರೆ ಅತಿಥಿಗಳೆಲ್ಲ ನಿಲ್ಲುತ್ತಾರೆ. ಎರಡನೆಯದು, ಒಂದೇ ಕೊಳದಿಂದ ಬಂದ ಎರಡು ವರ್ಚುಯಲ್ ಡಿಸ್ಕುಗಳನ್ನು ಅತಿಥಿಯು ಪರಸ್ಪರ ಕನ್ನಡಿಯಾಗಿಸಿದರೆ ಅದರಿಂದ ಡಿಸ್ಕ್ ಹಾನಿಯ ವಿರುದ್ಧ ಏನೂ ರಕ್ಷಣೆಯಿಲ್ಲ; ಕೆಳಗಿನ ಕೊಳ ಬತ್ತಿದರೆ ಎರಡೂ ಬತ್ತುತ್ತವೆ. ಮೂರನೆಯದು, ಅತಿಥೇಯನಲ್ಲಿ ವ್ಯವಹಾರ ಕಡತಗಳಿರುವ ಲೈಬ್ರರಿಗಳನ್ನು ಟೇಪಿಗೆ ಉಳಿಸಿದ ಮಾತ್ರಕ್ಕೆ ವರ್ಚುಯಲ್ ಡಿಸ್ಕುಗಳು ಉಳಿದಂತಾಗುವುದಿಲ್ಲ. ಅವು ಬೇರೆ ಜಾತಿಯ ವಸ್ತುಗಳು, ಬೇರೆ ಕಡತಕೋಶದಲ್ಲಿರುತ್ತವೆ, ಅವುಗಳನ್ನು ಬೇರೆ ಆದೇಶದಿಂದ ಉಳಿಸಬೇಕು. ಆದ್ದರಿಂದಲೇ ಎರಡು ಪ್ರತ್ಯೇಕ ವರ್ಚುಯಲ್ ಐಓ ಸರ್ವರುಗಳನ್ನು ಇರಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕ ನಿಯಂತ್ರಕ ಮತ್ತು ಪ್ರತ್ಯೇಕ ನಿಜ ಡಿಸ್ಕುಗಳನ್ನು ಕೊಟ್ಟು, ಅತಿಥಿಯು ಒಂದೊಂದರಿಂದ ಒಂದೊಂದು ಡಿಸ್ಕ್ ಪಡೆದು ಕನ್ನಡಿ ಮಾಡಿಕೊಳ್ಳುವ ಜೋಡಿ ವಿನ್ಯಾಸ ರೂಢಿಗೆ ಬಂದಿತು.

ಈ ಮೂರು ಸಂಗತಿಗಳನ್ನು ನಾನು ತಿಳಿದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡಿದ ಒಂದು ಸಂಗ್ರಹ ಯೋಜನೆಯ ಸೂಚಿ, ಹೆಸರಿಸಬೇಕಾಗಿಲ್ಲದ ಸಂಸ್ಥೆಯೊಂದರ ಇಂತಹದೇ ಯಂತ್ರದ ಲಿನಕ್ಸ್ ಪಾಲಿನಲ್ಲಿತ್ತು. ಬೀಸುವ ಪದ, ಸೋಬಾನೆ ಪದಗಳ ನೂರಾರು ಕ್ಯಾಸೆಟ್ಟುಗಳಿಗೆ ಹಾಡಿದವರ ಹೆಸರು, ಊರು, ಹಾಡಿದ ಸಂದರ್ಭ, ಯಾರಿಂದ ಕಲಿತದ್ದು ಎಂಬ ವಿವರಗಳನ್ನು ಅದರಲ್ಲಿ ತುಂಬಿಸಿದ್ದೆವು. ಕ್ಷೇತ್ರದ ಟಿಪ್ಪಣಿ ಪುಸ್ತಕಗಳಲ್ಲಿ ಹಲವು ಅದಾಗಲೇ ಗೆದ್ದಲು ಹಿಡಿದಿದ್ದವು; ಗಣಕದಲ್ಲಿದೆಯಲ್ಲ ಎಂದು ಯಾರೂ ಚಿಂತಿಸಲಿಲ್ಲ. ಸೂಚಿಯ ನಕಲು ಎರಡನೆಯ ಡಿಸ್ಕಿನಲ್ಲಿ ಸುರಕ್ಷಿತವಾಗಿದೆ ಎಂದು ನಮಗೆ ತಿಳಿಸಲಾಗಿತ್ತು. ಅದು ಸುಳ್ಳೂ ಆಗಿರಲಿಲ್ಲ. ಎರಡು ಡಿಸ್ಕುಗಳು ನಮ್ಮ ತೆರೆಯ ಮೇಲೆ ಕಾಣುತ್ತಿದ್ದವು.

ಒಂದು ವಾರದ ಕೊನೆಯಲ್ಲಿ ಅತಿಥೇಯನ ಒಂದು ನಿಜ ಡಿಸ್ಕ್ ಕೆಟ್ಟಿತು. ಅದನ್ನು ಬದಲಿಸುವ ಮೊದಲೇ ಅದೇ ಗುಂಪಿನ ಇನ್ನೊಂದು ಕೆಟ್ಟಿತು. ಮೊತ್ತದ ಲೆಕ್ಕ ಒಂದು ಡಿಸ್ಕಿನ ನಷ್ಟವನ್ನು ತುಂಬಬಲ್ಲದು, ಎರಡರದನ್ನು ತುಂಬಲಾರದು. ಸಂಸ್ಥೆಯ ವ್ಯವಹಾರ ಕಡತಗಳು ಟೇಪಿನಿಂದ ಎರಡು ದಿನಗಳಲ್ಲಿ ಮರಳಿದವು. ನಮ್ಮ ಎರಡೂ ಡಿಸ್ಕುಗಳು ಒಂದೇ ಕೊಳದ ಎರಡು ವಸ್ತುಗಳಾಗಿದ್ದವು. ಟೇಪಿನಲ್ಲಿ ಎರಡೂ ಇರಲಿಲ್ಲ. ಈ ಹೊಂದಾಣಿಕೆಯನ್ನು ಮಾಡಿದ್ದ ನಿರ್ವಾಹಕರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಯಾವ ಪಾಲಿನ ಡಿಸ್ಕ್ ಯಾವ ಕೊಳದಲ್ಲಿದೆ ಎಂಬುದು ಅವರ ನೆನಪಿನಲ್ಲಿತ್ತು, ಕಾಗದದಲ್ಲಿರಲಿಲ್ಲ. ಮನೆ ಪಾಲಾದ ಮೇಲೂ ಬಾವಿ ಒಂದೇ ಉಳಿದಿತ್ತು. ನಾವು ಎರಡು ಹಗ್ಗಗಳನ್ನು ಕಂಡು ಎರಡು ಬಾವಿಗಳಿವೆ ಎಂದು ನಂಬಿದ್ದೆವು.

ಕ್ಯಾಸೆಟ್ಟುಗಳು ಉಳಿದಿವೆ. ಅವುಗಳಲ್ಲಿ ದನಿಗಳಿವೆ. ಹಲವು ದನಿಗಳು ಯಾರವೆಂದು ಈಗ ಹೇಳಲಾಗುವುದಿಲ್ಲ. ಊರುಗಳಿಗೆ ಮರಳಿ ಹೋಗಿ ಕೇಳಿಸಿದಾಗ ಕೆಲವನ್ನು ಮಕ್ಕಳು, ಸೊಸೆಯಂದಿರು ಗುರುತಿಸಿದರು. ಗುರುತಿಸುವವರೇ ಇಲ್ಲದವು ಹಾಗೆಯೇ ಉಳಿದಿವೆ. ಸಂಗ್ರಹದ ಭಾಷೆಯಲ್ಲಿ ಹೇಳುವುದಾದರೆ ದತ್ತಾಂಶ ಇದೆ, ಅದಕ್ಕೆ ಹೆಸರಿಲ್ಲ, ನೆಲೆಯಿಲ್ಲ.

ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ, 1956ರ ತಟ್ಟೆಯಿಂದ 2008ರ ಅತಿಥಿ ಪಾಲಿನವರೆಗಿನ ಚರಿತ್ರೆಯಲ್ಲಿ ಪ್ರತಿ ಹೆಜ್ಜೆಯೂ ಹೆಸರನ್ನು ನೆಲೆಯಿಂದ ಇನ್ನಷ್ಟು ದೂರ ಸರಿಸಿದೆ. ಮಿನಿಡಿಸ್ಕಿನಲ್ಲಿ ಒಂದು ಕೂಡಿಕೆಯಷ್ಟು ದೂರ. ಏಕಮಟ್ಟದ ಸಂಗ್ರಹದಲ್ಲಿ ಎಲ್ಲ ಡಿಸ್ಕುಗಳಷ್ಟು ದೂರ. ಅತಿಥಿ ಪಾಲಿನಲ್ಲಿ ಹರಡಿದ್ದನ್ನು ಮತ್ತೆ ಹರಡುವಷ್ಟು ದೂರ. ಸಂಗ್ರಹ ಕೊಳಗಳಲ್ಲಿ ಬೇಡಿಕೆ ಬಂದಾಗ ಮಾತ್ರ ಜಾಗ ಕೊಡುವ ತೆಳು ಹಂಚಿಕೆಯ ಪದ್ಧತಿಯೂ ಇಂದು ಬಳಕೆಯಲ್ಲಿದೆ. ಅದರಲ್ಲಿ ಕೊಟ್ಟ ಮಾತಿನ ಮೊತ್ತ ಇರುವ ಜಾಗಕ್ಕಿಂತ ಹೆಚ್ಚಾಗಿರಬಹುದು. ಈ ದೂರದಿಂದ ದೊರೆತ ಲಾಭಗಳು ನಿಜವಾದವು. ಅವುಗಳಿಲ್ಲದೆ ಸಣ್ಣ ಸಂಸ್ಥೆಗಳಿಗೆ, ನಮ್ಮಂತಹ ಸಂಗ್ರಹಗಳಿಗೂ, ದೊಡ್ಡ ಯಂತ್ರದ ಸವಲತ್ತು ದಕ್ಕುತ್ತಿರಲಿಲ್ಲ.

ಆದರೆ ಹೆಸರಿಗೂ ನೆಲೆಗೂ ನಡುವಿನ ಸಂಬಂಧ ಎಲ್ಲಿಯೋ ಒಂದೆಡೆ ಮನುಷ್ಯರು ಓದುವಂತೆ ಬರೆದಿರಲೇಬೇಕು. ಬರೆಯದಿದ್ದಾಗ ಅದು ನಿರ್ವಾಹಕರ ನೆನಪಿನಲ್ಲಿ ಮೌಖಿಕ ಪರಂಪರೆಯಾಗಿ ಉಳಿಯುತ್ತದೆ, ಅವರೊಡನೆಯೇ ಹೋಗುತ್ತದೆ. ಗ್ರಂಥಾಲಯಗಳೂ ಸಂಶೋಧನ ಸಂಸ್ಥೆಗಳೂ ತಮ್ಮ ಗಣಕ ನಿರ್ವಾಹಕರಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಲಿಖಿತವಾಗಿ ಪಡೆದು ಸೂಚಿಪತ್ರದ ಜೊತೆಯಲ್ಲಿಯೇ ಇರಿಸಿಕೊಳ್ಳುವುದು ಒಳಿತು. ನಮ್ಮ ಡಿಸ್ಕ್ ಯಾವ ಕೊಳದಲ್ಲಿದೆ? ಅದರ ನಕಲು ಇರುವ ಕೊಳ ಬೇರೆಯೇ? ಟೇಪಿನಿಂದ ಅದನ್ನು ಒಮ್ಮೆಯಾದರೂ ಮರಳಿ ಪಡೆದು ನೋಡಲಾಗಿದೆಯೇ?

ಹಾಡುಗಾರ್ತಿಯ ಮುಂದೆ ಕುಳಿತಾಗ ನಾವು ಮೊದಲು ಕೇಳುವುದು ಅವಳ ಹೆಸರು ಮತ್ತು ಊರು. ಅವಳ ಹಾಡನ್ನು ಒಪ್ಪಿಸಿದ ಯಂತ್ರವನ್ನೂ ನಾವು ಅದನ್ನೇ ಕೇಳಬೇಕಾಗಿತ್ತು.